ರಿಜಿಸ್ಟರಲ್ಲಿ 23ನೇ ನಂಬರ್ ಇದೆ, ಗೋರಿ ಮಾತ್ರ ಸಿಗ್ತಿಲ್ಲ

ಕಾಫಿಗಿಡ: ಮುತ್ತಜ್ಜ ಚಿನ್ನಪ್ಪನವರ ಗೋರಿ ಹುಡುಕಿ ಸಾಕಾಗಿದೆ. ಚರ್ಚಿನ ರಿಜಿಸ್ಟರಲ್ಲಿ ನಂಬರ್ 23, ತಾರೀಕು 11-7-1931. ಗೇಟಿಂದ ಎಣಿಸಿದ್ರೆ 23ನೇದು ಯಾರೋ ಹೆಂಗಸಿನದು. ತಾಲ್ಲೂಕು ಕಚೇರಿಯ ಮರಣ ರಿಜಿಸ್ಟರಲ್ಲಿ ಜುಲೈ ಪೂರ್ತಿ ನೋಡಿದ್ರೂ ಹೆಸರಿಲ್ಲ.

ಹಿನ್ನೀರು: ಗೊರೂರು ಅಣೆಕಟ್ಟಿನಲ್ಲಿ ಮುಳುಗಿದೆ, ಬಿಡಿ. ಶೆಟ್ಟಿಹಳ್ಳಿ ಚರ್ಚೇ ಮಳೆಗಾಲದಲ್ಲಿ ನೀರಲ್ಲಿ ನಿಲ್ಲುತ್ತೆ, ಗೋರಿ ಎಲ್ಲಿ ಉಳಿಯುತ್ತೆ?

ಕಾಫಿಗಿಡ: ನಮ್ಮದು ಸಕಲೇಶಪುರ ತಾಲ್ಲೂಕು ಮಾರಾಯ್ರೆ.

ಹಿನ್ನೀರು: ಅಲ್ಲೂ ಹರಿಯೋದು ಹೇಮಾವತೀನೇ ತಾನೆ?

ಹಳೇಬರಹ: ಸಕಲೇಶಪುರ ಇರೋದು ಮೇಲುಗಡೆ ಸ್ವಾಮಿ, ಹೊಳೆ ಅಲ್ಲಿಂದ ಗೊರೂರಿಗೆ ಇಳಿಯುತ್ತೆ.

ಟಾರ್ಚ್‌ಬಸು: ಅಕ್ಷರ ಸವೆದಿರಬಹುದು. ಕಲ್ಲಿನ ಮೈಗೆ ತಾಗಿಸಿದ ಹಾಗೆ ಪಕ್ಕದಿಂದ ಟಾರ್ಚ್ ಬಿಡಿ, 10-15 ಡಿಗ್ರಿ ಓರೆ ಸಾಕು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಿಗ್ಗೆ ಎದುರು ಬಿಸಿಲು, ಏನೂ ಕಾಣಲ್ಲ. ಹನ್ನೆರಡರ ಹೊತ್ತಿಗೆ ಹೋಗಿ.

ಹಿನ್ನೀರು: ಸೀಮೆಸುಣ್ಣ ಉಜ್ಜಿದ್ರೆ ಆಯ್ತಲ್ಲ.

ಟಾರ್ಚ್‌ಬಸು: ದಯವಿಟ್ಟು ಬೇಡ. ಪುಡಿ ಕಲ್ಲಿನ ರಂಧ್ರದೊಳಗೆ ಕೂತ್ರೆ ಮಳೆಗೂ ಪೂರ್ತಿ ಹೋಗಲ್ಲ. ಪಾಚಿಗೆ ಬರೀ ನೀರು, ಮೆತ್ತನೆ ಬ್ರಷ್. ತಂತಿ ಬ್ರಷ್, ಆ್ಯಸಿಡ್ ಹತ್ರಕ್ಕೂ ತರಬೇಡಿ.

ಹಳೇಬರಹ: ಕಲ್ಲು ಆಮೇಲೆ ನೋಡೋಣ. ರಿಜಿಸ್ಟರ್ ಯಾವ ಭಾಷೆಯಲ್ಲಿದೆ? ಆ ಸಾಲನ್ನ ಇದ್ದ ಹಾಗೇ ಹಾಕಿ.

ಕಾಫಿಗಿಡ: ಲ್ಯಾಟಿನ್. ಅದನ್ನೂ ಹೇಳ್ಬೇಕಿತ್ತಾ? ‘11 7ಬ್ರಿಸ್, ಪೌಲುಸ್, ಸೆಪುಲ್ತುಸ್.’ ಹೆಂಡತಿ ಹೆಸರು ಸರಿಯಾಗಿದೆ, ಅದಕ್ಕೇ ಇವರೇ ಅಂದ್ಕೊಂಡ್ವಿ.

ಹಳೇಬರಹ: ಅಲ್ಲೇ ಎಡವಿದ್ದೀರಿ. 7ಬ್ರಿಸ್ ಅಂದ್ರೆ ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಅಂದ್ರೆ ಏಳು. ಹೀಗೇ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್. ಸೆಪುಲ್ತುಸ್ ಅಂದ್ರೆ ‘ಹೂಳಲಾಯಿತು’, ಹಾಗಾಗಿ ತೀರಿಕೊಂಡದ್ದು ಒಂದೆರಡು ದಿನ ಮುಂಚೆಯೂ ಇರಬಹುದು. ಸರ್ಕಾರಿ ರಿಜಿಸ್ಟರಲ್ಲಿ ಸೆಪ್ಟೆಂಬರ್ 8ರಿಂದ ನೋಡಿ.

23 ಗೋರಿಯ ನಂಬರಲ್ಲ, ಬರಹದ ಕ್ರಮಸಂಖ್ಯೆ. ಹಿಂದಿನ ಪುಟ ತಿರುವಿ, ಜನವರಿಗೆ ಮತ್ತೆ 1ರಿಂದ ಶುರುವಾಗಿದ್ರೆ ಅನುಮಾನವೇ ಇಲ್ಲ.

ಹೆಸರಿನ ವಿಷಯ: ಪೌಲನನ್ನೇ ನಮ್ಮ ಕಡೆ ಚಿನ್ನಪ್ಪ ಅನ್ನೋದು, ಪೇತ್ರನನ್ನ ರಾಯಪ್ಪ ಅಂದ ಹಾಗೆ. ಕಲ್ಲಿನ ಮೇಲೆ ‘ಪೌಲ್’ ಇದ್ದಿರಬಹುದು, ನೀವು ‘ಚಿನ್ನಪ್ಪ’ ಹುಡುಕಿ ದಾಟಿ ಹೋಗಿರ್ತೀರಿ. ಸರ್ಕಾರಿ ಪುಸ್ತಕದಲ್ಲಿ ಮಾತ್ರ ಮನೆಯ ಹೆಸರೇ ಇರೋ ಸಾಧ್ಯತೆ ಹೆಚ್ಚು.

ಟಾರ್ಚ್‌ಬಸು: ನನ್ನ ಹತ್ರ ಎರಡು ಟಾರ್ಚ್, ಒಂದು ಟ್ರೈಪಾಡ್ ಇದೆ. ಫೋನ್ ಅಲ್ಲಾಡದ ಹಾಗೆ ನಿಲ್ಲಿಸಿ, ನಾಲ್ಕು ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೊ...

ಹಳೇಬರಹ: ಬಸು ಅವರೇ, ಕಲ್ಲು ಮೊದಲು ಸಿಗಲಿ.

ಕಾಫಿಗಿಡ: ಸಿಕ್ತು! ಸೆಪ್ಟೆಂಬರ್ 10, ಚಿನ್ನಪ್ಪ ಅಂತಲೇ ಇದೆ. ಸ್ಮಶಾನದಲ್ಲಿ ‘ಪೌಲ್’ ಅಂತ ಯಾವ ಕಲ್ಲೂ ಇಲ್ಲ. ಚಿಕ್ಕಮಗಳೂರು ಬಿಷಪ್ಪರ ಕಚೇರಿಯಲ್ಲಿ ಕೇಳಲಾ?

ಹಳೇಬರಹ: ಚಿಕ್ಕಮಗಳೂರು ಧರ್ಮಕ್ಷೇತ್ರ ಆದದ್ದೇ 1963ರಲ್ಲಿ. 1931ರಲ್ಲಿ ನಿಮ್ಮೂರು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿತ್ತು, ಅದರ ಪೀಠ ಬೆಂಗಳೂರಲ್ಲಿತ್ತು. ಅಲ್ಲಿ ಹೋದ್ರೂ ಜಾಗ ತಿಳಿಯೋದು ಕಷ್ಟ, ಗೋರಿಯ ಗುರುತು ಬರೆಯೋ ಕಾಲಂ ಇಲ್ಲದ ಪುಸ್ತಕದ ಪ್ರತಿಯಲ್ಲಿ ಅದೆಲ್ಲಿಂದ ಬರಬೇಕು? ಮರದ ಶಿಲುಬೆ ನೆಟ್ಟಿದ್ರೆ ಗೆದ್ದಲು ಹಿಡಿದು ಎಂದೋ ಹೋಗಿರುತ್ತೆ. ರಿಜಿಸ್ಟರಿನ 20ರಿಂದ 26ರವರೆಗಿನ ಹೆಸರು ಬರ್ಕೊಳ್ಳಿ, ಅವುಗಳಲ್ಲಿ ಯಾವ ಕಲ್ಲು ಉಳಿದಿದೆ ನೋಡಿ. ಸಾಲಾಗಿ ಹೂತಿದ್ರೆ ಆ ಕಲ್ಲುಗಳ ನಡುವಿನ ಖಾಲಿ ಜಾಗವೇ ನಿಮ್ಮದು. ಮನೆತನಕ್ಕೊಂದು ಗುಂಡಿ ಅನ್ನೋ ಪದ್ಧತಿ ಇದ್ದಲ್ಲಿ ಈ ಲೆಕ್ಕ ನಡೆಯಲ್ಲ, ಆಗ ಹೆಂಡತಿಯ ಕಲ್ಲು ಹುಡುಕಿ.

ಕಾಫಿಗಿಡ: 22 ಮತ್ತು 25 ಸಿಕ್ಕಿವೆ, ಒಂದೇ ಸಾಲು. ನಡುವೆ ಎರಡು ದಿಬ್ಬ ಇವೆ. ಯಾವುದು 23?

ಹಿನ್ನೀರು: ಆದ್ರೂ ಒಂದ್ಸಲ ಹಿನ್ನೀರಿನ ನಕ್ಷೆ ನೋಡೋದು ಒಳ್ಳೇದು.