ಚೆಂಡು ಹೂ ಹಾಕಿದರೂ ಟೊಮೇಟೊ ಬಾಡುತ್ತಿದೆ, ಎಲ್ಲಿ ತಪ್ಪಿದೆ?

ಮಣ್ಣುಕೈ:
ಎಲ್ಲರಿಗೂ ನಮಸ್ಕಾರ. 8 ಅಡಿ ಉದ್ದ, 4 ಅಡಿ ಅಗಲದ ಒಂದೇ ಮಡಿಯಲ್ಲಿ ಟೊಮೇಟೊ, ಬೀನ್ಸ್, ಕಾಮಕಸ್ತೂರಿ, ಪುದೀನ ಹಾಕಿದ್ದೇನೆ. ನಾಲ್ಕು ಮೂಲೆಗೆ ನಾಲ್ಕು ಚೆಂಡು ಹೂವಿನ ಗಿಡ. ಯಾವುದಕ್ಕೆ ಯಾವುದು ಜೊತೆ ಅಂತ ಪಟ್ಟಿ ನೋಡಿಕೊಂಡೇ ಮಾಡಿದ್ದು. ಎರಡು ತಿಂಗಳಾಯಿತು, ಟೊಮೇಟೊ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿದೆ. ಮಧ್ಯಾಹ್ನ ಬಾಡುತ್ತದೆ, ಸಂಜೆ ಮತ್ತೆ ಎದ್ದು ನಿಲ್ಲುತ್ತದೆ. ನೀರಿಗೇನೂ ಕಡಿಮೆ ಇಲ್ಲ. ಕೆಳಗಿನ ಎಲೆ ಹಳದಿ. ಬಿಟ್ಟ ನಾಲ್ಕು ಕಾಯಿಯಲ್ಲಿ ಎರಡಕ್ಕೆ ತೂತು ಬೇರೆ! ಚೆಂಡು ಹೂ ಇದ್ದರೆ ಹುಳ ಬರಲ್ಲ ಅಂತಾರಲ್ವಾ?

ಮೂಲೆತೋಟ:
ಟೊಮೇಟೊ ಪಕ್ಕ ಬೀನ್ಸ್ ಹಾಕಿದ್ದೇ ತಪ್ಪು ಅನ್ಸುತ್ತೆ. ಎರಡಕ್ಕೂ ಆಗಿಬರಲ್ಲ ಅಂತ ಎಲ್ಲೋ ಓದಿದ್ದೆ. ನೀರು ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟು ನೋಡಿ.

ಹಳೇಗುದ್ದಲಿ:
ನೀರು ಜಾಸ್ತಿ ಮಾಡಬೇಡಿ, ಮೊದಲು ಬೇರು ನೋಡಿ. ಬೀನ್ಸ್ ಮೇಲೆ ಸುಮ್ನೆ ಅಪವಾದ ಹೊರಿಸುವುದು ಬೇಡ.

ಹಗಲು ಬಾಡಿ ಸಂಜೆ ಚೇತರಿಸಿಕೊಂಡರೆ ಬೇರು ನೀರು ಎಳೆಯಲು ಒದ್ದಾಡುತ್ತಿದೆ ಅಂತ ಅರ್ಥ. ತೀರಾ ಸೊರಗಿದ ಒಂದು ಟೊಮೇಟೊ ಗಿಡ, ಒಂದು ಬೀನ್ಸ್ ಗಿಡ ಮಣ್ಣು ಸಡಿಲಿಸಿ ಮೆಲ್ಲಗೆ ತೆಗೆಯಿರಿ. ಎಳೆದರೆ ಬೇರು ತುಂಡಾಗಿ ಏನೂ ಗೊತ್ತಾಗಲ್ಲ. ತೊಳೆದು ನೋಡಿ. ಬೀನ್ಸ್ ಬೇರಿನಲ್ಲಿ ಗಂಟು ಕಂಡರೆ ಹೆದರಬೇಡಿ, ಸಾರಜನಕ ಹಿಡಿಯುವ ಗಂಟುಗಳು ಇರಲೇಬೇಕು. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಉದುರುತ್ತವೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಮಣ್ಣಿನಲ್ಲಿದ್ದು ಬೇರಿಗೆ ಹೊಗುವ, ಕಣ್ಣಿಗೆ ಕಾಣದ ಜಂತುಹುಳುವಿನ (ನೆಮಟೋಡ್) ಗಂಟು ಹಾಗಲ್ಲ. ಬೇರೇ ಊದಿಕೊಂಡಿರುತ್ತದೆ, ಕೀಳಲು ಹೋದರೆ ಬೇರೇ ಕಿತ್ತುಬರುತ್ತದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿಬಿಡಿ. ಬುಡದ ಕಾಂಡ ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ನೀರಿಗೆ ಇಳಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು ರೋಗ, ದಾರಿಯೇ ಬೇರೆ.

ಮಣ್ಣುಕೈ:
ನೀರು ತಿಳಿಯಾಗೇ ಇತ್ತು. ಟೊಮೇಟೊ ಬೇರು ಮಾತ್ರ ನೋಡಲಾಗದು, ಮಣಿ ಪೋಣಿಸಿದ ಹಾಗೆ ಗಂಟೋ ಗಂಟು. ಬೀನ್ಸಿನಲ್ಲಿ ಎರಡೂ ಥರ ಇದೆ, ಕೆಲವು ಉದುರಿದವು, ಕೆಲವು ಅಲ್ಲಾಡಲಿಲ್ಲ. ಹಾಗಾದರೆ ಚೆಂಡು ಹೂ ಏನು ಮಾಡುತ್ತಿತ್ತು?

ಹಳೇಗುದ್ದಲಿ:
ಅಂದಾಜು ಸರಿಯಾಯಿತು, ಬೇರುಗಂಟು ಜಂತುಹುಳು. ಚೆಂಡು ಹೂ ಕೆಲಸ ಮಾಡುತ್ತದೆ, ಆದರೆ ನಾಲ್ಕು ಮೂಲೆಯಲ್ಲಿ ಕಾವಲುಗಾರರ ಹಾಗೆ ನಿಲ್ಲಿಸಿದರೆ ಅಲ್ಲ. ಅದರ ಬೇರಿನ ರಾಸಾಯನಿಕ ಬೇರಿನ ಆಸುಪಾಸಿನ ಹುಳುವಿಗಷ್ಟೇ ತಾಗುತ್ತದೆ. ಅಡಿ ದೂರದ ಟೊಮೇಟೊ ಬೇರಿಗೆ ಅದರಿಂದ ಏನೂ ಇಲ್ಲ. ಇಡೀ ಮಡಿಗೆ ಚೆಂಡು ಹೂವನ್ನೇ ಒತ್ತೊತ್ತಾಗಿ, ಗೇಣಿಗೂ ಕಡಿಮೆ ಅಂತರದಲ್ಲಿ ಬೆಳೆಸಿ, ಕನಿಷ್ಠ ಎರಡು ತಿಂಗಳು ಬಿಟ್ಟು, ಮಣ್ಣಿಗೆ ಮಗುಚಿ, ಆಮೇಲೆ ಟೊಮೇಟೊ ನೆಡಬೇಕು. ಅಂದರೆ ಅದು ಜೊತೆಗಿಡ ಅಲ್ಲ, ಮುಂಚಿನ ಬೆಳೆ. ನಡುವೆ ಕಳೆ ಬಿಟ್ಟರೆ ಕೆಟ್ಟಿತು, ಹುಳು ಕಳೆಯ ಬೇರಿನಲ್ಲೇ ಬದುಕಿಕೊಳ್ಳುತ್ತದೆ. ಈ ಕೆಲಸಕ್ಕೆ ಗಿಡ್ಡ ಜಾತಿಯ ಚೆಂಡು ಹೂ ಒಳ್ಳೆಯದು.

ಕಾಯಿಯ ತೂತು ಕಾಯಿಕೊರಕದ್ದು. ಅಲ್ಲಿ ಎತ್ತರದ ಚೆಂಡು ಹೂವಿಗೆ ಬೇರೆಯೇ ಪಾತ್ರ. ಓಡಿಸುವುದಲ್ಲ, ಸೆಳೆಯುವುದು. ಆ ಹುಳದ ಪತಂಗ ಟೊಮೇಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲಿ ಅಂತ. ಅದಕ್ಕೇ ಹೊಲದಲ್ಲಿ 40 ದಿನದ ಚೆಂಡು ಹೂವಿನ ಸಸಿಯನ್ನು 25 ದಿನದ ಟೊಮೇಟೊ ಸಸಿ ಜೊತೆ ನೆಡುತ್ತಾರೆ, 16 ಸಾಲಿಗೆ ಒಂದು ಸಾಲು. ಎರಡೂ ಒಟ್ಟಿಗೆ ಹೂ ಬಿಡಬೇಕು. ಆ ಹೂವಿನಲ್ಲಿ ಸೇರಿದ ಹುಳ ಆರಿಸಿ ತೆಗೆಯದಿದ್ದರೆ ನೀವೇ ಹುಳ ಸಾಕಿದ ಹಾಗೆ.

ಮೂಲೆತೋಟ:
ಅಯ್ಯೋ, ನಾನೂ ಇಷ್ಟು ದಿನ ಮೂಲೆಗೊಂದು ನೆಡುತ್ತಿದ್ದೆ 😅 ಬೀನ್ಸ್ ಪಕ್ಕದ ಗಿಡಕ್ಕೆ ಸಾರಜನಕ ಕೊಡುತ್ತದೆ ಅನ್ನುವುದಾದರೂ ನಿಜವಾ?

ಹಳೇಗುದ್ದಲಿ:
ಬದುಕಿರುವಾಗ ಹೆಚ್ಚಿನದನ್ನು ತಾನೇ ಇಟ್ಟುಕೊಳ್ಳುತ್ತದೆ. ಬೇರು, ಎಲೆ ಮಣ್ಣಿನಲ್ಲಿ ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುತ್ತದೆ. ಜೊತೆಗಿಡ ಅಂತ ಹಾಕುವ ಕೊತ್ತಂಬರಿಯೂ ಅಷ್ಟೇ, ಅದನ್ನು ಹೂ ಬಿಡಲು ಬಿಟ್ಟರೆ ಮಾತ್ರ ಸಸ್ಯಹೇನು ತಿನ್ನುವ ಕೀಟಗಳು ಮಕರಂದಕ್ಕೆ ಬರುತ್ತವೆ. ಎಲೆ ಕೊಯ್ಯುತ್ತಲೇ ಇದ್ದರೆ ಯಾರೂ ಬರಲ್ಲ.

ಮಣ್ಣುಕೈ, ಪುದೀನವನ್ನು ಇವತ್ತೇ ಕುಂಡಕ್ಕೆ ಹಾಕಿ. ಆದರೆ ಈ ಮಡಿಯ ಮಣ್ಣು ಅಂಟಿದ ಬೇರಿನ ಸಮೇತ ಬೇಡ. ತುದಿ ಕತ್ತರಿಸಿ ನೀರಿನಲ್ಲಿಟ್ಟರೆ ಹೊಸ ಬೇರು ಬರುತ್ತದೆ, ಅದನ್ನು ನೆಡಿ. ಈ ಮಡಿಗೆ ಸದ್ಯ ಬೆಂಡೆ, ಬದನೆ, ಸೌತೆ ಯಾವುದೂ ಬೇಡ, ಅವಕ್ಕೂ ಇದೇ ಹುಳು. ಒಳ್ಳೆ ಬಿಸಿಲುಗಾಲವಾದರೆ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ 4ರಿಂದ 6 ವಾರ ಬಿಡಿ, ಆಮೇಲೆ ಚೆಂಡು ಹೂ. ಟೊಮೇಟೊ ಬೀಜ ತರುವಾಗ ಪೊಟ್ಟಣದ ಮೇಲೆ ತಳಿಯ ಹೆಸರಿನ ನಂತರ ಇಂಗ್ಲಿಷಿನ ‘ಎನ್’ (N) ಅಕ್ಷರ ಇದೆಯಾ ನೋಡಿ. ಈ ಹುಳುವನ್ನು ತಡೆಯುವ ತಳಿ ಅಂತ ಅದರ ಅರ್ಥ.

ಮಣ್ಣುಕೈ:
ಪುದೀನ ತುದಿ ಲೋಟದಲ್ಲಿದೆ. ಕಿತ್ತ ಟೊಮೇಟೊ ಬೇರನ್ನು ಗೊಬ್ಬರದ ಗುಂಡಿಗೆ ಹಾಕಬಹುದಾ?

ಹಳೇಗುದ್ದಲಿ:
ಬೇಡವೇ ಬೇಡ. ಬೇರೆಲ್ಲ ಆರಿಸಿ ಒಣಗಿಸಿ ಸುಟ್ಟುಬಿಡಿ. ಗುದ್ದಲಿಯನ್ನೂ ತೊಳೆಯಿರಿ, ಅದರ ಮಣ್ಣಿನ ಜೊತೆಗೇ ಹುಳು ಪಕ್ಕದ ಮಡಿಗೆ ಹೋಗುವುದು.