ಸಂಚಾರಿ ಗ್ರಂಥಾಲಯದ ನಕ್ಷೆ: ಗುರುತುಗಳು ತಪ್ಪು ಜಾಗದಲ್ಲಿ, ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆ

ಪುಸ್ತಕಬಂಡಿ:
ಸಂಚಾರಿ ಗ್ರಂಥಾಲಯದ ವಾಹನ ನಿಲ್ಲುವ 64 ಜಾಗಗಳ ಪಟ್ಟಿ ಎಕ್ಸೆಲ್‌ನಲ್ಲಿದೆ. ಅದನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಮಾಡಿ, ಸ್ವಂತ ನಕ್ಷೆ ಮಾಡುವ ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿದ್ದೇವೆ. ಬಹುತೇಕ ಗುರುತುಗಳು ನಿಜವಾದ ಜಾಗದಿಂದ 300–500 ಮೀಟರ್ ಆಚೆ ಬಿದ್ದಿವೆ. ಮೂರು ಗುರುತುಗಳು ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದಲ್ಲಿವೆ! ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ. ವೆಬ್‌ಪುಟದಲ್ಲಿ ನಕ್ಷೆ ನಮಗೆ ಕಾಣುತ್ತದೆ, ಓದುಗರಿಗೆ ಕಾಣುವುದಿಲ್ಲ. ಗುರುತುಗಳನ್ನು ಒಂದೊಂದಾಗಿ ಎಳೆದು ಸರಿಮಾಡಬೇಕೆ?

ಅಕ್ಷರೇಖೆ:
ದಯವಿಟ್ಟು ಎಳೆಯಬೇಡಿ. ಮುಂದೆ ವೇಳಾಪಟ್ಟಿ ಬದಲಾದಾಗ ಪಟ್ಟಿಯನ್ನು ಮತ್ತೆ ಹಾಕಲೇಬೇಕು, ಆಗ ಕೈಯಲ್ಲಿ ಎಳೆದದ್ದೆಲ್ಲ ಅಳಿಸಿಹೋಗುತ್ತದೆ. ತಿದ್ದುವುದನ್ನು ಶೀಟಿನಲ್ಲೇ ತಿದ್ದಿ.

ಮೊದಲನೆಯದಕ್ಕೆ ಕಾರಣ ದಶಮಾಂಶ. ಎಕ್ಸೆಲ್ ಸಿಎಸ್‌ವಿ ಉಳಿಸುವಾಗ ಕೋಶದಲ್ಲಿ ಕಣ್ಣಿಗೆ ಕಾಣುವಷ್ಟನ್ನೇ ಬರೆಯುತ್ತದೆ. ಕಾಲಂ ಎರಡು ದಶಮಾಂಶಕ್ಕೆ ಹೊಂದಿಸಿದ್ದರೆ ಉಳಿದ ಅಂಕಿಗಳು ಫೈಲಿಗೆ ಹೋಗುವುದೇ ಇಲ್ಲ. ಎರಡನೇ ದಶಮಾಂಶ ಎಂದರೆ ನೆಲದ ಮೇಲೆ ಸುಮಾರು 1.1 ಕಿ.ಮೀ., ಹಾಗಾಗಿ ಒಂದೊಂದು ದಿಕ್ಕಿಗೆ 550 ಮೀಟರ್‌ವರೆಗೆ ತಪ್ಪಬಹುದು. ನೀವು ಹೇಳುವ ಅಂತರ ಇದಕ್ಕೆ ಸರಿಹೊಂದುತ್ತದೆ. ಅಕ್ಷಾಂಶ, ರೇಖಾಂಶ ಎರಡೂ ಕಾಲಂಗಳನ್ನು 6 ದಶಮಾಂಶಕ್ಕೆ ಹೊಂದಿಸಿ. ಐದನೆಯ ಅಂಕಿಯೇ ಸುಮಾರು 1 ಮೀಟರ್, ಆರಕ್ಕಿಂತ ಹೆಚ್ಚು ಬೇಕಿಲ್ಲ.

ಸಮುದ್ರದಲ್ಲಿ ಬಿದ್ದವುಗಳ ಅಕ್ಷಾಂಶ-ರೇಖಾಂಶ 0, 0 ಆಗಿರುತ್ತದೆ. ಬೇರೆ ಶೀಟಿನ ಖಾಲಿ ಕೋಶವನ್ನು ಸೂತ್ರದಿಂದ ಎಳೆದುಕೊಂಡರೆ ಎಕ್ಸೆಲ್ ಅದನ್ನು 0 ಎಂದು ತೋರಿಸುತ್ತದೆ. ಆ ಮೂರು ಸಾಲು ಹುಡುಕಿ ತುಂಬಿ.

ಇನ್ನು ಅಕ್ಷರಗಳು. ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಆ ಸಿಎಸ್‌ವಿಯಲ್ಲಿ ಕನ್ನಡ ಉಳಿದಿಲ್ಲ, ಅದನ್ನು ರಿಪೇರಿ ಮಾಡಲು ಹೋಗಬೇಡಿ. ಮೂಲ ಎಕ್ಸೆಲ್ ಫೈಲಿನಿಂದ ‘ಸಿಎಸ್‌ವಿ ಯುಟಿಎಫ್-8’ (ಕನ್ನಡ ಅಕ್ಷರಗಳನ್ನೂ ಉಳಿಸಿಕೊಳ್ಳುವ ವಿಧಾನ) ಆಯ್ಕೆಯಲ್ಲಿ ಹೊಸದಾಗಿ ಉಳಿಸಿ. ಪರೀಕ್ಷಿಸಲು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಕ್ಸೆಲ್‌ನಲ್ಲೇ ತೆರೆದು ಮತ್ತೆ ಉಳಿಸಿದರೆ ದಶಮಾಂಶ, ಸಮಯ ಎಲ್ಲ ಇನ್ನೊಮ್ಮೆ ಬದಲಾಗಬಹುದು.

ನಂತರ ಮೈ ಮ್ಯಾಪ್ಸ್‌ನಲ್ಲಿ ಲೇಯರ್ (ಗುರುತುಗಳ ಪದರ) ಪಕ್ಕದ ಮೂರು ಚುಕ್ಕೆ ಒತ್ತಿ ‘ರೀಇಂಪೋರ್ಟ್ ಅಂಡ್ ಮರ್ಜ್’ನಲ್ಲಿ ಎಲ್ಲವನ್ನೂ ಬದಲಿಸುವ ಆಯ್ಕೆ ಕೊಡಿ. ನಕ್ಷೆಯ ಕೊಂಡಿ ಹಳೆಯದೇ ಇರುತ್ತದೆ.

ಕಪಾಟು:
ಓದುಗರಿಗೆ ಕಾಣದಿರುವುದು ಹಂಚಿಕೆಯ ಸಮಸ್ಯೆ. ನಿಮ್ಮ ಬ್ರೌಸರ್‌ನಲ್ಲಿ ಲಾಗಿನ್ ಇರುವುದರಿಂದ ನಿಮಗೆ ಕಾಣುತ್ತಿದೆ. ‘ಶೇರ್’ನಲ್ಲಿ ಕೊಂಡಿ ಇರುವ ಯಾರು ಬೇಕಾದರೂ ನೋಡಬಹುದು ಎಂದು ಮಾಡಿ. ವೆಬ್‌ಪುಟಕ್ಕೆ ಬ್ರೌಸರ್‌ನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿ ಕಾಣುವ ಕೊಂಡಿ ಹಾಕಬೇಡಿ, ‘ಎಂಬೆಡ್ ಆನ್ ಮೈ ಸೈಟ್’ ಕೊಡುವ ಐಫ್ರೇಮ್ ಕೋಡ್ (ಪುಟದೊಳಗೇ ನಕ್ಷೆ ತೋರಿಸುವ ತುಣುಕು) ಹಾಕಿ. ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿದ ಮೇಲೆಯೇ ಪ್ರಕಟಿಸಿ.

ಒಂದು ಮಾರ್ಗಕ್ಕೆ ಒಂದು ಲೇಯರ್ ಎಂದು ಮಾಡಲು ಹೋದರೆ 10 ಲೇಯರ್‌ಗೆ ಮಿತಿ ಮುಗಿಯುತ್ತದೆ. ‘ವಾರ’ ಎಂಬ ಕಾಲಂ ಇಟ್ಟು ಅದರ ಮೇಲೆ ಬಣ್ಣ ಕೊಡಿ. ಸೋಮವಾರದ ನಿಲುಗಡೆಗಳೆಲ್ಲ ಒಂದೇ ಬಣ್ಣದಲ್ಲಿ ಬರುತ್ತವೆ, ಓದುಗರಿಗೆ ಬೇಕಾದದ್ದೂ ಅದೇ.

ಪುಸ್ತಕಬಂಡಿ:
ಸ್ಥಾನಗಳು ಸರಿಯಾದವು, ಧನ್ಯವಾದಗಳು. ಆದರೆ ಹತ್ತಾರು ಹೆಸರುಗಳು ಈಗಲೂ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಬರುತ್ತಿವೆ. ಎಕ್ಸೆಲ್‌ನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಇನ್ನೊಂದು ಕೇಳಬೇಕಿತ್ತು: ಮನೆಗೇ ಪುಸ್ತಕ ತಲುಪಿಸುವ ಹಿರಿಯರ ವಿಳಾಸಗಳನ್ನು ಇನ್ನೊಂದು ಲೇಯರ್‌ನಲ್ಲಿ ಹಾಕಿ ಟಿಕ್ ತೆಗೆದಿಟ್ಟರೆ ಸಾಕೆ?

ಅಕ್ಷರೇಖೆ:
ಆ ಕೋಶಗಳ ಫಾಂಟ್ ನೋಡಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ (ಲ್ಯಾಟಿನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುವ ಫಾಂಟ್) ಇದ್ದರೆ ಅಲ್ಲಿರುವುದು ಯುನಿಕೋಡ್ ಕನ್ನಡವಲ್ಲ, ಫಾಂಟ್ ಹೋದೊಡನೆ ಅಕ್ಷರವೂ ಹೋಗುತ್ತದೆ. ಯುಟಿಎಫ್-8ರಲ್ಲಿ ಉಳಿಸುವುದರಿಂದ ಇದು ಸರಿಹೋಗದು. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಆ ಹೆಸರುಗಳನ್ನಷ್ಟೇ ಕೊಡಿ. ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಆಮೇಲೆ ಕಣ್ಣಾರೆ ನೋಡಿ ತಿದ್ದಿ.

ಕಪಾಟು:
ವಿಳಾಸಗಳ ವಿಷಯ: ಬೇಡವೇ ಬೇಡ. ಟಿಕ್ ತೆಗೆದ ಲೇಯರ್ ಅನ್ನು ನೋಡುವವರು ಯಾರೇ ಆದರೂ ಮತ್ತೆ ಟಿಕ್ ಹಾಕಿ ತೆರೆಯಬಹುದು. ಒಂಟಿಯಾಗಿರುವ ಹಿರಿಯರ ಮನೆ ಎಲ್ಲಿದೆ ಎಂದು ಊರಿಗೆಲ್ಲ ತೋರಿಸಿದಂತಾಗುತ್ತದೆ. ಈಗಾಗಲೇ ಹಾಕಿದ್ದರೆ ಮೊದಲು ಆ ಲೇಯರ್ ಅಳಿಸಿ. ಅದಕ್ಕೆ ಬೇರೆಯದೇ ನಕ್ಷೆ ಮಾಡಿ, ತಲುಪಿಸುವ ಸಿಬ್ಬಂದಿಯ ಖಾತೆಗಳಿಗೆ ಮಾತ್ರ ಹಂಚಿ. ಅದರಲ್ಲೂ ಹೆಸರಿನ ಬದಲು ಸದಸ್ಯತ್ವ ಸಂಖ್ಯೆ ಸಾಕು.