ಹೂಮಳೆ ಇಲ್ಲ, ಕೆರೆ ನೀರು ಕಡಿಮೆ: ರೊಬಸ್ಟಾ ಕಾಫಿಗೆ ಹೇಗೆ ಹಂಚೋದು?

ಮೂಡಿಗೆರೆ ಬೆಳೆಗಾರ
8 ಎಕರೆ ರೊಬಸ್ಟಾ. ಕೊಯ್ಲು ಮುಗಿದಿದೆ, ಮೊಗ್ಗು ಬಲಿತಿದೆ, ಅದನ್ನು ಅರಳಿಸೋ ಹೂಮಳೆ ಬಂದಿಲ್ಲ. ಫೆಬ್ರವರಿಯಲ್ಲೇ ಏಪ್ರಿಲ್ ಬಿಸಿಲು, ಮೋಡದ ಸುಳಿವಿಲ್ಲ. ಕೆರೆ 100 ಅಡಿ ಉದ್ದ, 60 ಅಡಿ ಅಗಲ, ಈಗ 8 ಅಡಿ ನೀರು. ಒರತೆ ನಿಂತಿದೆ. ಇಡೀ ತೋಟಕ್ಕೆ ಅರ್ಧರ್ಧ ಇಂಚು ಕೊಟ್ಟು ಮಳೆ ಕಾಯೋಣವೇ?

ಸಕಲೇಶಪುರ ತೋಟ
ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಇಂಚಿಗೆ ಮೊಗ್ಗು ಎಚ್ಚರಾಗುತ್ತೆ, ಪೂರ್ತಿ ಅರಳೋಕೆ ನೀರು ಸಾಲಲ್ಲ. ಎಸಳು ಬಿಚ್ಚದೆ ಸಣ್ಣ ಹಸಿರು ನಕ್ಷತ್ರದಂತಾಗಿ ಒಣಗುತ್ತೆ. ಆಮೇಲೆ ಎಷ್ಟೇ ಮಳೆ ಬಂದರೂ ಆ ಮೊಗ್ಗು ಮತ್ತೆ ಅರಳಲ್ಲ.

ಲೆಕ್ಕ ಹಾಕಿ. ಎಕರೆಗೆ ಒಂದು ಇಂಚು ಅಂದರೆ ಸುಮಾರು 1.03 ಲಕ್ಷ ಲೀಟರ್. ಹೂವಿಗೆ ಒಂದೂವರೆ, ಬ್ಯಾಕಿಂಗಿಗೆ (ಹೂವಾದ ಮೇಲೆ ಕಾಯಿ ನಿಲ್ಲೋಕೆ ಕೊಡೋ ಎರಡನೇ ನೀರು) ಒಂದು ಇಂಚು: ಎಕರೆಗೆ 2.6 ಲಕ್ಷ. ನಿಮ್ಮ ಕೆರೆ ಅಳತೆಗೆ 48,000 ಘನ ಅಡಿ ಬಂದರೂ ದಂಡೆ ಇಳಿಜಾರಾಗಿದ್ದರೆ ಮೂರನೇ ಎರಡು ಭಾಗ ಹಿಡಿಯಿರಿ, 9 ಲಕ್ಷ ಲೀಟರ್. ತಳದ ಕೆಸರು ನೀರನ್ನು ಪಂಪಿನ ಫುಟ್‌ವಾಲ್ವ್ ಎಳೆಯಲ್ಲ, ಅದು ಒಂದು ಲಕ್ಷ. ದಿನಕ್ಕೆ 5 ಮಿ.ಮೀ. ಆವಿಯಾದರೂ ತಿಂಗಳಿಗೆ 80 ಸಾವಿರ ಲೀಟರ್ ಹೋಗುತ್ತೆ. ಉಳಿಯೋದು 7 ಲಕ್ಷ. ಹಾಗಾಗಿ ಎರಡೂವರೆಯಿಂದ ಮೂರು ಎಕರೆಗೆ ಪೂರ್ತಿ ಕೊಡಿ, ಉಳಿದದ್ದು ಮಳೆಗೆ ಬಿಡಿ. ಬ್ಯಾಕಿಂಗ್ ನೀರು ತೆಗೆದಿಟ್ಟೇ ಜೆಟ್ (ಸ್ಪ್ರಿಂಕ್ಲರ್) ಶುರು ಮಾಡಿ. ಹೂವಾದ ಮೇಲೆ ಕೆರೆ ಬತ್ತಿದರೆ ಕಚ್ಚಿದ ಕಾಯಿಯೂ ಉದುರುತ್ತೆ.

ಮೂಡಿಗೆರೆ ಬೆಳೆಗಾರ
ಯಾವ 3 ಎಕರೆ ಆರಿಸಲಿ? ಒಂದೂವರೆ ಇಂಚು ಬಿದ್ದಿದೆ ಅಂತ ತಿಳಿಯೋದು ಹೇಗೆ?

ಜೆಟ್ ಪೈಪು
ನೆರಳು ಚೆನ್ನಾಗಿರೋ, ಒಂದೇ ಕಡೆ ಸೇರಿಕೊಂಡಿರೋ ಜಾಗ. ಇಲ್ಲೊಂದು ಅಲ್ಲೊಂದು ತುಂಡು ಬೇಡ. ರೊಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟಲ್ಲ, ಪಕ್ಕದ ಗಿಡವೂ ಅದೇ ಹೊತ್ತಿಗೆ ಅರಳಬೇಕು. ಪಡುವಣ ಇಳಿಜಾರು ಬಿಡಿ, ಮಧ್ಯಾಹ್ನದ ಬಿಸಿಲಿಗೆ ಬೇಗ ಒಣಗುತ್ತೆ.

ಅಳೆಯೋಕೆ ನೇರ ಗೋಡೆಯ ಏಳೆಂಟು ಡಬ್ಬಿ ಸಾಕು. ಎರಡು ಜೆಟ್ ನಡುವೆ, ಎಲೆ ಅಡ್ಡ ಬರದ ಹಾಗೆ ಇಟ್ಟು ಒಂದು ಗಂಟೆ ಓಡಿಸಿ, ಸ್ಕೇಲ್‌ನಲ್ಲಿ ಅಳೆಯಿರಿ. ಸರಾಸರಿ 8 ಮಿ.ಮೀ. ಬಂದರೆ 38 ಮಿ.ಮೀ.ಗೆ ಐದು ಗಂಟೆ ಹತ್ತಿರ. ಡಬ್ಬಿಯಿಂದ ಡಬ್ಬಿಗೆ ತುಂಬಾ ವ್ಯತ್ಯಾಸವಿದ್ದರೆ ಪ್ರೆಶರ್ ಕಡಿಮೆ ಇದೆ, ಒಂದೆರಡು ಜೆಟ್ ಮುಚ್ಚಿ. ರಾತ್ರಿ ಕರೆಂಟ್ ಇದ್ದರೆ ರಾತ್ರಿಯೇ ಹೊಡೆಯಿರಿ, ಗಾಳಿಗೆ ನೀರು ಹಾರಲ್ಲ.

ಎಂಟೊಂಬತ್ತು ದಿನಕ್ಕೆ ಹೂ ಬಿಡುತ್ತೆ. ಆಗ ಜೆಟ್ ಬೇಡ, ಔಷಧಿಯೂ ಬೇಡ. ಪರಾಗ ನೆನೆಯುತ್ತೆ, ಜೇನು ದೂರವಾಗುತ್ತೆ. ಈ ಸೆಕೆಗೆ ಬ್ಯಾಕಿಂಗನ್ನು ಮೊದಲ ನೀರಿಂದ 15ನೇ ದಿನಕ್ಕೇ ಕೊಡಿ, ಮೂರು ವಾರ ದಾಟಿಸಬೇಡಿ.

ಸಕಲೇಶಪುರ ತೋಟ
ಉಳಿದ 5 ಎಕರೆಯಲ್ಲಿ ಈಗ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡಿಸಬೇಡಿ, ಗೊಬ್ಬರ ಹಾಕಬೇಡಿ. ದರಗು (ಉದುರಿದ ಒಣ ಎಲೆ) ಗುಡಿಸದೆ ಬುಡಕ್ಕೆ ಎಳೆಯಿರಿ. ಅಲ್ಲಿ 10 ಮಿ.ಮೀ. ಆಸುಪಾಸು ಅರೆಬರೆ ಮಳೆ ಬಿದ್ದರೆ, ಕೆರೆಯಲ್ಲಿ ಮಿಕ್ಕಿದ್ದರೆ ಮಾರನೇ ದಿನವೇ ಜೆಟ್ ಹಾಕಿ ಒಂದೂವರೆ ಇಂಚಿಗೆ ತುಂಬಿಸಿ. ಎರಡು ಮೂರು ದಿನ ತಡವಾದರೆ ಪ್ರಯೋಜನವಿಲ್ಲ.